ಮೋಟರುಗಳು ಸುಮ್ಮನಿದ್ದ ಒಂದು ತಾಸು

ನನ್ನ ಮಗ ಲೈನ್‌ಮನ್. ಅವನ ಡ್ಯೂಟಿ ಇರುವುದು ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಕಡೆಗೆ, ನಾವಿರುವುದು ಮೂಡಲಗಿ ಕಡೆಯ ಮಸಗುಪ್ಪಿಯಲ್ಲಿ. ನಡುವೆ ಎಷ್ಟು ಊರು, ಎಷ್ಟು ಕಂಬ! ಆದರೂ ನಮ್ಮೂರಲ್ಲಿ ಕರೆಂಟ್ ಹೋದರೆ ಜನ ಬಂದು ಬಡಿಯುವುದು ನಮ್ಮ ಮನೆಯ ಬಾಗಿಲನ್ನೇ. “ಅಕ್ಕೋರ, ಕರೆಂಟ್ ಯಾವಾಗ ಬರ್ತೈತ್ರಿ?” ಎಂದು ಕೇಳುತ್ತಾರೆ. ನಾನೇನು ಕರೆಂಟನ್ನು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದೇನೆಯೇ? ಪ್ರಾಥಮಿಕ ಸಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ನಿವೃತ್ತಳಾದ ಹೆಂಗಸು ನಾನು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ಹೇಳಹೊರಟಿರುವುದು ನನ್ನ ಸೊಸೆಯ ಲ್ಯಾಪ್‌ಟಾಪಿನ ಸಂಗತಿ. ಸೊಸೆ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಓದು ಮುಗಿದ ವರ್ಷವೇ ಲಗ್ನವಾಯಿತು. ಕೆಲಸಕ್ಕೆ ಕರೆ ಬಂದಾಗ ಒಮ್ಮೆ ಅವಳ ತಂದೆ ತೀರಿಕೊಂಡರು, ಇನ್ನೊಮ್ಮೆ ಅವಳೇ ಟೈಫಾಯ್ಡ್ ಬಂದು ಮಲಗಿದಳು. ಹೀಗೆ ನಾಲ್ಕು ವರ್ಷ ಉರುಳಿದವು. ಆಮೇಲೆ ಎಲ್ಲಿ ಅರ್ಜಿ ಹಾಕಿದರೂ ಒಂದೇ ಪ್ರಶ್ನೆ: ಇಷ್ಟು ವರ್ಷ ಏನು ಮಾಡಿದಿರಿ? ಏನು ಮಾಡಿದಳು ಎಂದರೆ, ಜೋಳದ ರೊಟ್ಟಿ ಬಡಿದಳು, ಎಮ್ಮೆ ಹಿಂಡಿದಳು, ಸಂಜೆ ಊರಿನ ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಗಣಿತ ಹೇಳಿದಳು. ಇದನ್ನು ಅರ್ಜಿಯ ಯಾವ ಖಾನೆಯಲ್ಲಿ ಬರೆಯಬೇಕೋ ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಕಳೆದ ಬೇಸಿಗೆಯಲ್ಲಿ ಕಣಗಲಾ ಹತ್ತಿರದ ಒಂದು ವಸತಿ ಕಾಲೇಜಿನವರು ಅವಳನ್ನು ಸಂದರ್ಶನಕ್ಕೆ ಕರೆದರು. ಕರೆದರು ಎಂದರೆ, ಅಲ್ಲಿಗೆ ಹೋಗುವುದಲ್ಲ. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕುಳಿತು ಒಂದು ತಾಸು ಪಾಠ ಮಾಡಿ ತೋರಿಸಬೇಕು, ಅವರು ಅಲ್ಲಿಂದ ನೋಡಿ ಪ್ರಶ್ನೆ ಕೇಳುತ್ತಾರೆ. ಹಿಂದಿನ ವಾರವೇ ಅವರದೊಂದು ಪ್ರೋಗ್ರಾಂ ಹಾಕಿಸಿ, ಆ ಯಂತ್ರವನ್ನು ಪರೀಕ್ಷಿಸಿ, ಇದೇ ಯಂತ್ರದಿಂದಲೇ ಬರಬೇಕು, ಮೊಬೈಲ್ ನಡೆಯದು ಎಂದು ಕಡ್ಡಾಯ ಮಾಡಿದ್ದರು. ಈ ಕೆಲಸ ಸಿಕ್ಕರೆ ಸೊಸೆಗೆ ಎರಡು ಲಾಭವಿತ್ತು. ಗಂಡ ಹತ್ತರಗಿಯಲ್ಲಿ ಕೋಣೆ ಹಿಡಿದು ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದ, ಇಬ್ಬರೂ ಒಂದೇ ಕಡೆ ಇರಬಹುದು. ಎರಡನೆಯದು ಅವಳು ಮತ್ತೆ ಕರಿಹಲಗೆಯ ಮುಂದೆ ನಿಲ್ಲಬಹುದು. ಮೊದಲನೆಯದಕ್ಕಿಂತ ಎರಡನೆಯದೇ ಅವಳಿಗೆ ದೊಡ್ಡದು ಎಂದು ನನಗೆ ಗೊತ್ತಿತ್ತು, ಅವಳ ಗಂಡನಿಗೆ ಮಾತ್ರ ನಾನು ಹೇಳಿರಲಿಲ್ಲ.

ಲ್ಯಾಪ್‌ಟಾಪ್ ಗೋಕಾಕದಿಂದ ತಂದದ್ದು, ಯಾರೋ ಬಳಸಿ ಬಿಟ್ಟದ್ದು. ಅದರ ಬ್ಯಾಟರಿ ನಾಮಕಾವಾಸ್ತೆ. ಚಾರ್ಜರ್ ಕಿತ್ತರೆ ಐದಾರು ನಿಮಿಷದಲ್ಲಿ ಕಣ್ಣು ಮುಚ್ಚುತ್ತಿತ್ತು. ಹೀಗಾಗಿ ಅದು ಸದಾ ಗೋಡೆಗೆ ಕಟ್ಟಿಕೊಂಡೇ ಇರುತ್ತಿತ್ತು.

ಸಂದರ್ಶನದ ಹಿಂದಿನ ಸಂಜೆ ನಮ್ಮ ಯಜಮಾನರು ಪೂಜೆಯ ಗದ್ದಲ ಎಬ್ಬಿಸಿದರು. ನಮ್ಮದು ಬಸವಣ್ಣನ ದಾರಿಯ ಮನೆತನ, ವಿಭೂತಿ ಲಿಂಗಪೂಜೆ ಬಿಟ್ಟರೆ ಹೆಚ್ಚಿನದೇನೂ ಇಲ್ಲ. ಆದರೆ ಇವರಿಗೆ ಸೀಮೆಯಲ್ಲಿರುವ ದೇವರೆಲ್ಲ ಬೇಕು. ಮಾಯವ್ವನ ಗುಡಿಗೆ ಹೋಗಿ ಭಂಡಾರ ತಂದಿದ್ದರು. ಭಂಡಾರ ಎಂದರೆ ದೇವಿಯ ಮೇಲೆ ಹಾರಿಸುವ ಅರಿಷಿಣದ ಪುಡಿ, ನಮ್ಮ ಕಡೆ ಅದಕ್ಕೆ ಬಹಳ ಮರ್ಯಾದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಮಣೆಯ ಮೇಲಿಟ್ಟು, ಕಾಯಿ ಒಡೆದರು. ಕಾಯಿನೀರನ್ನು ಅದರ ಮೇಲೆ ಚಿಮುಕಿಸಲು ಹೊರಟಾಗ ಸೊಸೆ ಅಡ್ಡಬಂದು, “ಮಾವಾರ, ಅದಕ್ಕ ನೀರ ನಡ್ಯಾಂಗಿಲ್ರಿ!” ಎಂದು ತಡೆದಳು. ಮುಚ್ಚಳದ ಮೇಲೆ ಭಂಡಾರ ಕುಂಕುಮ ಹಚ್ಚಿದರು. ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ, ಹಾರೆ ಗುದ್ದಲಿಗೆ ಆಗುವ ಪೂಜೆ ಇದಕ್ಕೂ ಆಗಲಿ ಎಂದು ನಾವು ಅಡುಗೆಮನೆಗೆ ಹೋದೆವು.

ಕತ್ತಲಾಗುವ ಮೊದಲೇ ಗಾಳಿ ಎದ್ದಿತು. ಮಳೆ ಬಂದದ್ದು ನಾಲ್ಕು ಹನಿ, ಗಾಳಿ ಮಾತ್ರ ಮನೆಯ ಮೇಲಿನ ಪತ್ರಾಸ್ ತಗಡು ಹಾರಿಸುವಂಥದ್ದು. ಕರೆಂಟ್ ಹೋಯಿತು. ಮಗನಿಗೆ ಫೋನ್ ಹಚ್ಚಿದರೆ, “ಅವ್ವ, ಇಲ್ಲಿ ಕಣಗಲಾದಿಂದ ಹತ್ತರಗಿ ತನಾ ಕಂಬ ಮಲಕೊಂಡಾವ. ನಿಮ್ಮ ಕಡೆ ಲೈನ್ ನಂದಲ್ಲ, ನನ್ನ ಕೇಳಬ್ಯಾಡ,” ಎಂದು ಇಟ್ಟುಬಿಟ್ಟ. ಊರಿಗೆಲ್ಲ ಬೆಳಕು ಕೊಡುವವನ ಮನೆಯಲ್ಲಿ ನಾವು ಮೇಣಬತ್ತಿ ಹುಡುಕಿದೆವು.

ಮರುದಿನ ಬೆಳಗಿನ ರೊಟ್ಟಿ ಮುಗಿಯುವ ಹೊತ್ತಿಗೆ ಕರೆಂಟ್ ಬಂತು. ಬಂದದ್ದಾದರೂ ಹೇಗೆ! ಬಲ್ಬ್ ಒಮ್ಮೆ ಭಗ್ಗೆಂದು ಬೆಳ್ಳಗೆ ಉರಿದು ಢಪ್ ಎಂದು ಒಡೆಯಿತು. ಓಣಿಯಲ್ಲಿ ಯಾರದೋ ಟೀವಿ ಸುಟ್ಟ ವಾಸನೆ ಬಂತು. ಆಮೇಲೆ ಎಲ್ಲ ಸರಿಯಾಗಿ ಫ್ಯಾನ್ ನೆಟ್ಟಗೆ ತಿರುಗತೊಡಗಿತು. ಸೊಸೆ ಖುಷಿಯಿಂದ ಓಡಿಹೋಗಿ ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದಳು. ಗುಂಡಿ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ದೀಪವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಅವಳ ಮುಖವೇ ಕಪ್ಪಗೆ ಕಾಣುತ್ತಿತ್ತು.

“ಅತ್ತಿ,” ಎಂದಳು. ನಾನು ಹೋಗಿ ನೋಡಿದಾಗ ಗುಂಡಿ ಒತ್ತುತ್ತಲೇ ಇದ್ದಳು. ಸಂದರ್ಶನ ಮಧ್ಯಾಹ್ನ ಮೂರಕ್ಕೆ.

ಇಂಥ ಸುದ್ದಿಗೆ ಕಾಲಿಲ್ಲದಿದ್ದರೂ ಓಣಿಯ ತುಂಬ ಓಡುತ್ತದೆ. ಟೀವಿ ಸುಟ್ಟವರು, ಸುಡದವರು, ಟೀವಿಯೇ ಇಲ್ಲದವರು ಎಲ್ಲ ಬಂದು ಪಡಸಾಲೆಯಲ್ಲಿ ಕುಳಿತರು. ಒಬ್ಬಳು, “ಅಕ್ಕಿ ಡಬ್ಯಾಗ ಹುಗದ ಇಡ್ರಿ, ನನ್ನ ಮೊಬೈಲ್ ಹಂಗ ಬದುಕೈತಿ,” ಎಂದಳು. ಅವಳ ಮೊಬೈಲ್ ಹಾಲಿನಲ್ಲಿ ಬಿದ್ದದ್ದು, ಇದು ಚಾರ್ಜರ್ ಹಚ್ಚಿದಾಗ ಕರೆಂಟಿಗೆ ಸಿಕ್ಕದ್ದು, ವ್ಯತ್ಯಾಸ ಬೇಡವೇ? ಇನ್ನೊಬ್ಬಳು ಬಿಸಿಲಿಗೆ ಇಡಿ ಎಂದಳು. ಹಪ್ಪಳವೇ ಅದು! ಒಬ್ಬ ಮುದುಕ ಮಾತ್ರ ತಲೆ ಅಲ್ಲಾಡಿಸುತ್ತ, “ಹೋತು ಬಿಡ್ರಿ, ಹೋದದ್ದು ಹೋತು,” ಎಂದು ಹೆಣದ ಮುಂದೆ ಕೂತವನ ಹಾಗೆ ಕೂತ. ಚಹಾ ಕೊಟ್ಟು ಎಲ್ಲರನ್ನೂ ಎಬ್ಬಿಸಿ ಕಳಿಸಿದೆ. ಮುದುಕನಿಗೆ ಚಹಾ ಕೊಡಲಿಲ್ಲ.

ಸೊಸೆ ಗೋಕಾಕದ ಅಂಗಡಿಯವನಿಗೆ ಫೋನ್ ಮಾಡಿದಳು. ಅವನ ದನಿಯ ಹಿಂದೆ ಸಂತೆಯ ಗದ್ದಲ ಕೇಳುತ್ತಿತ್ತು. “ಅಕ್ಕಾರ, ನಿನ್ನಿ ಗಾಳಿಗೆ ಎಲ್ಲಾರ್ದೂ ಹಿಂಗ ಆಗೈತ್ರಿ. ಬೋರ್ಡ್ ಹೋಗಿರ್ತೈತಿ. ತಂದು ಇಟ್ಟು ಹೋಗ್ರಿ, ಎರಡು ದಿನದ ಮ್ಯಾಲ ನೋಡೂಣು.” ಪಾಪ, ಅವನ ತಪ್ಪೇನೂ ಅಲ್ಲ. ಆದರೆ ಎರಡು ದಿನದ ಮೇಲೆ ನೋಡಿ ಏನು ಮಾಡುವುದು? ಕಾಲೇಜಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸೊಸೆ ಲ್ಯಾಪ್‌ಟಾಪ್ ಮುಚ್ಚಿ, ಬೀಸುವ ಕಲ್ಲಿನ ಬಾಜೂಕ್ಕೆ ಗೋಡೆಗೆ ಒರಗಿ ಕುಳಿತಳು.

“ಬಿಡ್ರಿ ಅತ್ತಿ. ನನ್ನ ಹಣ್ಯಾಗ ಬರದಿಲ್ಲ. ಕೈಯಾಗಿಂದ ತುತ್ತು ಬಾಯಿಗೆ ಬರೂದ ಇಲ್ಲ ನನಗ.”

ನನಗೆ ಸಿಟ್ಟು ಬಂತು. ಅವಳ ಮೇಲೆ ಸಿಟ್ಟಲ್ಲ. ಆ ಮಾತಿನ ಮೇಲೆ ಸಿಟ್ಟು. ನನ್ನ ಸಾಲೆಯಲ್ಲಿ ಲೆಕ್ಕ ತಪ್ಪಿದ ಮಗು ಸ್ಲೇಟು ಒರೆಸಿ, ನನಗೆ ಬರುವುದಿಲ್ಲ ಅಕ್ಕೋರೆ ಎಂದರೆ ನಾನು ಸುಮ್ಮನಿರುತ್ತಿರಲಿಲ್ಲ. “ಹಣೇಬರಾ ಅಂತ ಹಣೇಬರಾ! ಎಂ.ಎಸ್ಸಿ. ಕಲ್ತಾಕಿ ಹಿಂಗ ಮಾತಾಡಿದ್ರ ನಮ್ಮಂಥಾ ಏಳನೇ ಕ್ಲಾಸಿನತನಾ ಕಲಿಸಿದವರು ಎಲ್ಲಿ ಹೋಗೂಣು? ಏಳು ಮ್ಯಾಲ,” ಎಂದು ರೆಟ್ಟೆ ಹಿಡಿದು ಎಬ್ಬಿಸಿದೆ. ಎಬ್ಬಿಸಿದ್ದೇನೋ ಸರಿ, ಮುಂದೆ ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಗನ ಫೋನ್ ಬಂತು. ರಾತ್ರಿಯಿಂದ ಕಂಬದ ಮೇಲಿದ್ದವನು ಚಹಾಕ್ಕೆ ಇಳಿದಿದ್ದ. ನಾನು ಎಲ್ಲ ಹೇಳಿದೆ. ಅವನು ಸುರ್ರೆಂದು ಚಹಾ ಹೀರಿ ಹೇಳಿದ:

“ಅವ್ವ, ಒಮ್ಮಿಗೇ ಸುಟ್ಟೈತಿ ಅನಬ್ಯಾಡ. ಲೈನ್ ಬಂದ್ ಬಿದ್ರ ನಾವೇನ್ ಮಾಡ್ತೇವಿ ಹೇಳು? ಸ್ಟೇಶನ್ನಿಂದ ಹಿಡದ ಕಂಬಾ ಕಂಬಾ ನೋಡ್ಕೋತ ಬರ್ತೇವಿ. ಎಲ್ಲಿತನಾ ಕರೆಂಟ್ ಜೀವಂತ ಐತಿ, ಎಲ್ಲಿಂದ ಸತ್ತೈತಿ. ಆ ಎರಡರ ನಡುವ ಇರ್ತೈತಿ ಫಾಲ್ಟ್. ನೀನೂ ಹಂಗ ನಡಕೋತ ಹೋಗು. ಆಕಿಗೆ ಹೇಳು, ಹೆದರಬ್ಯಾಡ ಅಂತ.”

“ನೀನ ಹೇಳಬಾರದೇನು?” ಎಂದು ಫೋನನ್ನು ಸೊಸೆಗೆ ಕೊಟ್ಟೆ. ಇಬ್ಬರೂ ಏನು ಮಾತಾಡಿದರೋ, ಅವಳು ಮೂಗು ಒರೆಸಿಕೊಂಡು ಬಂದಳು. “ಬರ್ರಿ ಅತ್ತಿ, ಲೈನ್ ನೋಡೂಣು,” ಎಂದಳು.

ಅತ್ತೆ ಸೊಸೆ ಇಬ್ಬರೂ ಮನೆಯೊಳಗೆ ಲೈನ್ ಹಿಡಿದು ನಡೆದೆವು. ಮೊದಲು ಗೋಡೆಯ ಬೋರ್ಡು. ಅದಕ್ಕೆ ಮೊಬೈಲ್ ಚಾರ್ಜರ್ ಹಾಕಿದೆವು, ಮೊಬೈಲ್ ಚಾರ್ಜ್ ತೆಗೆದುಕೊಂಡಿತು. ಅಲ್ಲಿಗೆ ಜೀವಂತ. ಆಮೇಲೆ ಲ್ಯಾಪ್‌ಟಾಪಿನ ಚಾರ್ಜರು. ಅದರ ನಡುವೆ ಸಾಬೂನಿನಷ್ಟು ದೊಡ್ಡ ಕರಿ ಡಬ್ಬಿ ಇರುತ್ತದಲ್ಲ, ಅದರ ಮೇಲೆ ಸಣ್ಣದೊಂದು ಹಸಿರು ದೀಪವಿದೆ. ದೀಪ ಉರಿಯುತ್ತಿತ್ತು. “ಅಯ್ಯ, ಇದೂ ಜೀವಂತ ಐತಿ!” ಎಂದೆ. ಅಲ್ಲಿಯವರೆಗೆ ಆ ದೀಪವನ್ನು ಯಾರೂ ನೋಡಿಯೇ ಇರಲಿಲ್ಲ, ಚಾರ್ಜರ್ ಮಂಚದ ಕೆಳಗೆ ಬಿದ್ದಿತ್ತು. ಆಮೇಲೆ ಲ್ಯಾಪ್‌ಟಾಪು. ಅದರ ಮಗ್ಗುಲಲ್ಲಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಕೇಸರಿ ದೀಪ ಸತ್ತಿತ್ತು.

“ಕರೆಂಟ್ ಡಬ್ಬಿತನಾ ಬಂದೈತಿ. ಒಳಗ ಹೋಗಿಲ್ಲ,” ಎಂದೆ.

“ಒಳಗಿನ ಬೋರ್ಡ್ ಸುಟ್ಟಿದ್ರೂ ಹಿಂಗ ಆಗ್ತೈತ್ರಿ ಅತ್ತಿ.”

“ಸುಟ್ಟಿದ್ರ ಸುಡ್ಲಿ. ಅದಕ್ಕೂ ಮೊದಲ ಒಂದು ಕಂಬ ಐತೆಲ್ಲ? ಈ ಪಿನ್ನು?”

ಅವಳು ಚಾರ್ಜರ್ ಪಿನ್ ಕಿತ್ತಳು. ಕೀಳುವಾಗ ಒಂದು ಮಾತು ಹೇಳಿದಳು: ಬೆಳಿಗ್ಗೆ ಸಿಕ್ಕಿಸುವಾಗಲೂ ಪಿನ್ ಯಾಕೋ ಬಿಗಿ ಅನಿಸಿತ್ತಂತೆ. ನಾನು ಪಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿನಿಂದ ಒರೆಸಿದೆ. ಬೆರಳು ಹಳದಿಯಾಯಿತು. ಅಡುಗೆಯ ಕೈ ಇರಬೇಕೆಂದು ಸೀರೆಗೆ ಒರೆಸಿಕೊಂಡು ಮತ್ತೆ ಒರೆಸಿದೆ. ಮತ್ತೆ ಹಳದಿ. ಮೂಸಿದೆ. ಅರಿಷಿಣ! ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ತೂತಿನೊಳಗೆ ಇಣುಕಿದೆ. ಗೋಡೆಯ ಬಿರುಕಿಗೆ ಸಿಮೆಂಟು ತುಂಬಿದಂತೆ ಹಳದಿ ಮೆತ್ತಿ ಒಣಗಿ ಕೂತಿತ್ತು.

“ಏನ್ರೀ!” ಎಂದು ನಾನು ಕೂಗಿದ್ದು ಮಸಗುಪ್ಪಿಯ ಊರಬಾಗಿಲು ಅಗಸಿಯವರೆಗೂ ಕೇಳಿರಬೇಕು. ಯಜಮಾನರು ದನಕ್ಕೆ ಮೇವು ಹಾಕುತ್ತಿದ್ದವರು ಹಾಗೇ ಓಡಿಬಂದರು. “ಈ ತೂತಿನ್ಯಾಗ ಏನ್ ಹಾಕೀರಿ?”

ಅವರು ಕಣ್ಣು ಪಿಳುಕಿಸಿದರು. ಆಮೇಲೆ ಬಹಳ ಸಮಾಧಾನದಿಂದ, ದಡ್ಡರಿಗೆ ತಿಳಿಸಿ ಹೇಳುವವರ ಹಾಗೆ ಹೇಳಿದರು: “ಭಂಡಾರ. ನೀರಾಗ ಕಲಸಿ ಹಚ್ಚೇನಿ. ಅಲ್ಲ, ಮನಿಗೆ ಹೊಸ್ತಲಾ ಪೂಜಿ ಮಾಡ್ತಿ ಇಲ್ಲ ನೀನು? ಲಕ್ಷ್ಮೀ ಒಳಗ ಬರೂದು ಹೊಸ್ತಲಾ ದಾಟಿ. ಕರೆಂಟ್ ಒಳಗ ಬರೂದು ಆ ತೂತು ದಾಟಿ. ಇದಕ್ಕ ಅದ ಹೊಸ್ತಲಾ. ಅದಕ್ಕ ಒಂದೀಟು ಚೊಲೋತಂಗ ತುಂಬೇನಿ.”

ನನ್ನ ಬೈಗುಳಗಳೆಲ್ಲ ಒಮ್ಮೆಲೇ ಬಾಯಿಬಾಗಿಲಿಗೆ ಬಂದು ಒಂದಕ್ಕೊಂದು ಸಿಕ್ಕಿಕೊಂಡವು. ಆದರೆ ಸೊಸೆ ನಕ್ಕಳು. ಆ ದಿನ ಮೊದಲ ಬಾರಿಗೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಾವಾರ, ದೇವರು ವರಾ ಕೊಟ್ರೂ ಪೂಜಾರಿ ಕೊಡಲಿಲ್ಲಲ್ರಿ!” ಎಂದಳು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಸಣ್ಣದಾಯಿತು. “ಖರೇನ ನನ್ನಿಂದ ಆತೇನವಾ?” ಎಂದು ಸೊಸೆಯನ್ನೇ ಕೇಳಿದರು. ನನ್ನನ್ನು ಕೇಳುವ ಧೈರ್ಯ ಅವರಿಗಿರಲಿಲ್ಲ.

ತೂತು ಬಿಡಿಸುವ ಕೆಲಸ ಸುಲಭವಾಗಿರಲಿಲ್ಲ. ಸೂಜಿ ಹಾಕಲು ಸೊಸೆ ಬಿಡಲಿಲ್ಲ, ಒಳಗಿನ ಕಡ್ಡಿ ಮುರಿದರೆ ಎಲ್ಲ ಮುಗಿಯಿತು ಎಂದಳು. ದೇವರ ಜಗುಲಿಯ ಮೇಲಿಂದ ಊದಿನಕಡ್ಡಿ ತಂದು ಅದರ ಕಪ್ಪು ಕೆರೆದು ಬಿದಿರುಕಡ್ಡಿ ಚೂಪು ಮಾಡಿದೆವು. ಅವಳು ಲ್ಯಾಪ್‌ಟಾಪನ್ನು ಬಾಗಿಸಿ ಹಿಡಿದಳು, ನಾನು ಮೆಲ್ಲಗೆ ಕೆರೆದೆ. ಭಂಡಾರ ಪುಡಿಪುಡಿಯಾಗಿ ಉದುರಿತು. ನನ್ನ ಸೊಂಟ ಬಿದ್ದುಹೋಯಿತು, ಕಣ್ಣಿಗೆ ಕತ್ತಲೆ ಬಂತು, ಆದರೂ ಬಿಡಲಿಲ್ಲ. ಕೊನೆಗೆ ಯಜಮಾನರು ಸೈಕಲ್ ಪಂಪ್ ತಂದು ದೂರದಿಂದ ಗಾಳಿ ಹೊಡೆದರು. ಉಳಿದ ಪುಡಿಯೆಲ್ಲ ಹಾರಿ ನನ್ನ ಮುಖದ ಮೇಲೆ ಬಂತು. “ಮಾಯವ್ವ ಬಂದ್ಲು ನೋಡು,” ಎಂದು ಅವರು ಮೆಲ್ಲಗೆ ಅಂದರು. ನಾನು ತಿರುಗಿ ನೋಡಿದೆ, ಪಂಪ್ ಹಿಡಿದುಕೊಂಡು ಹಿಂದೆ ಸರಿದರು.

ಸೊಸೆ ಒಣ ಅರಿವೆಯಿಂದ ಪಿನ್ ಒರೆಸಿದಳು. ಚಾರ್ಜರ್ ಹಾಕುವ ಮೊದಲು ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದಳು. ಒಳಗೆ ಎಲ್ಲಾದರೂ ನಿಂತುಕೊಂಡ ಕರೆಂಟ್ ಇದ್ದರೆ ಅದು ಇಳಿದುಹೋಗಲಿ ಎಂದು ಹಾಗೆ ಮಾಡುತ್ತಾರಂತೆ. ಆಮೇಲೆ ಪಿನ್ ಒತ್ತಿದಳು. ಟಕ್ ಎಂದು ಸಲೀಸಾಗಿ ಕೂತಿತು. ನಾವು ಮೂವರೂ ಬಾಗಿ ನೋಡುತ್ತ ನಿಂತೆವು.

ಕೇಸರಿ ದೀಪ ಹೊತ್ತಿತು.

“ಬಂತು!” ಎಂದು ಕುಣಿದದ್ದು ನಾನು. ಅರವತ್ತು ದಾಟಿದ ಹೆಂಗಸು ಪಡಸಾಲೆಯಲ್ಲಿ ಕುಣಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಸೊಸೆ ಗುಂಡಿ ಒತ್ತಿದಳು. ಒಳಗಿನ ಫ್ಯಾನ್ ಸರ್ರೆಂದಿತು. ಪರದೆ ಬೆಳಗಿತು. ಆ ಬೆಳಕಿನಲ್ಲಿ ಅವಳ ಮುಖ ನೋಡಬೇಕಿತ್ತು ನೀವು. ಸುಟ್ಟಿತು, ಸತ್ತಿತು, ಹೋಯಿತು ಎಂದು ಎಲ್ಲರೂ ಮಣ್ಣು ಕೊಡಲು ಸಿದ್ಧರಾದದ್ದನ್ನು ನಾವು ಬಿದಿರುಕಡ್ಡಿಯಿಂದ ಎಬ್ಬಿಸಿದ್ದೆವು. ಚಹಾ ಕೊಡದೆ ಕಳಿಸಿದ ಮುದುಕನನ್ನು ಕರೆದು ತೋರಿಸಬೇಕೆಂದು ಬಹಳ ಮನಸ್ಸಾಯಿತು.

ಆದರೆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಮಧ್ಯಾಹ್ನ ಹೊಲಗಳ ಮೋಟರಿಗೆ ಮೂರು ಫೇಸ್ ಕರೆಂಟ್ ಕೊಟ್ಟರು. ಹಿಂದಿನ ದಿನದಿಂದ ನೀರಿಲ್ಲದೆ ಕಾದು ಕೂತಿದ್ದ ಜನ ಒಮ್ಮೆಲೇ ಮೋಟರ್ ಹಚ್ಚಿದರು. ನಮ್ಮ ಮನೆ ಇರುವುದು ಊರಿನ ಅಂಚಿಗೆ, ಹೊಲಗಳಿಗೆ ಹೋಗುವ ಟೀಸಿಯ ಮೇಲೇ ನಮ್ಮ ಮನೆಯ ಲೈನೂ ಇದೆ. ಟೀಸಿ ಎಂದರೆ ಕಂಬದ ಮೇಲಿನ ಆ ದೊಡ್ಡ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ಫ್ಯಾನ್ ನಡುಗಿ ನಿಂತೇ ಹೋಗುವ ಹಾಗಾಯಿತು. ಚಾರ್ಜರಿನ ಹಸಿರು ದೀಪ ಕಣ್ಣು ಮುಚ್ಚಿ ತೆರೆಯತೊಡಗಿತು. ಅಷ್ಟರಲ್ಲಿ ಹೊರಗೆ ಢಬ್ ಎಂಬ ಸದ್ದು. ಟೀಸಿಯ ಫ್ಯೂಜ್ ಹಾರಿತ್ತು. ಕರೆಂಟ್ ಹೋಯಿತು, ಐದೇ ನಿಮಿಷಕ್ಕೆ ಲ್ಯಾಪ್‌ಟಾಪೂ ಹೋಯಿತು.

ನಮ್ಮೂರಿನ ಲೈನ್‌ಮನ್ ಬಂದು ಫ್ಯೂಜ್ ಹಾಕಿದ. “ಅಕ್ಕೋರ, ಹಾಕೇನಿ. ಆದ್ರ ಎಲ್ಲಾರೂ ಮತ್ತ ಕೂಡಿ ಹಚ್ಚಿದ್ರ ಮತ್ತ ಹಾರ್ತೈತಿ. ಅದಕ್ಕ ನಾ ಏನೂ ಮಾಡಾಕ ಬರಾಂಗಿಲ್ಲ,” ಎಂದು ಕೈ ಮುಗಿದು ಹೋದ. ಸೊಸೆ ಈ ಸಲ ಅಳಲಿಲ್ಲ. ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಪಾಠದ ನಡುವೆ ಹೀಗಾದರೆ ಅವರು ಮತ್ತೆ ಕರೆಯುವುದಿಲ್ಲ, ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮ ಯಜಮಾನರು ಎದ್ದು ತಲೆಗೆ ಪಟಕಾ ಸುತ್ತಿಕೊಂಡರು. ಮೋಟರ್ ಸೈಕಲ್ ಚಾವಿ ತೆಗೆದುಕೊಂಡರು.

“ಎಲ್ಲಿ ಹೊಂಟ್ರಿ?”

“ಮೋಟರ್ ಬಂದ್ ಮಾಡಸಾಕ.”

ನನಗೆ ನಗು ಬಂತು. ಬೇಸಿಗೆಯಲ್ಲಿ ಮೂರು ಫೇಸ್ ಬಂದಾಗ ಮೋಟರ್ ಬಂದ್ ಮಾಡು ಎಂದರೆ ನಮ್ಮ ಕಡೆ ಅಣ್ಣ ತಮ್ಮನ ಮಾತೂ ನಡೆಯುವುದಿಲ್ಲ. ದಿನಕ್ಕೆ ಕೆಲವೇ ತಾಸು ಸಿಗುವ ಕರೆಂಟು ಅದು, ಕಬ್ಬಿನ ಜೀವವೇ ಅದರಲ್ಲಿ ಇರುತ್ತದೆ. ಆದರೂ ಅವರು ಹೋದರು. ಒಂದೊಂದೇ ಹೊಲಕ್ಕೆ ಹೋಗಿ, ಬಾವಿಯ ದಂಡೆಗೆ ನಿಂತು, “ನಮ್ಮ ಸೊಸಿ ಪರೀಕ್ಷಾ ಐತಿ, ಮೂರರಿಂದ ಒಂದ್ ತಾಸು ಮೋಟರ್ ಹಚ್ಚಬ್ಯಾಡ್ರಪ್ಪಾ,” ಎಂದು ಕೇಳಿದರಂತೆ. ಕೆಲವರು ತಕ್ಷಣ ಒಪ್ಪಿದರು. ಅವರ ಮಕ್ಕಳು ಸಂಜೆ ನಮ್ಮ ಪಡಸಾಲೆಗೆ ಬರುವವರು. ಕೆಲವರು ಗೊಣಗಿ ಒಪ್ಪಿದರು. ಮಗ್ಗುಲ ಹೊಲದ ಕಾಕಾ ಮಾತ್ರ ಮೊದಲು ಜಗ್ಗಲಿಲ್ಲ. ಅವರದು ಹೊಸದಾಗಿ ನಾಟಿದ ಕಬ್ಬು.

“ನಿನ್ನ ಸೊಸಿ ಪರೀಕ್ಷಾಕ್ಕ ನನ್ನ ಕಬ್ಬ ಒಣಗಬೇಕೇನೋ?” ಎಂದರಂತೆ.

“ಕಾಕಾ, ಒಂದ್ ತಾಸು ನೀರಿಲ್ಲಂದ್ರ ಕಬ್ಬ ಸಾಯಾಂಗಿಲ್ಲ. ಆ ಹುಡಿಗಿ ನಾಕ ವರ್ಷದಿಂದ ನೀರಿಲ್ದ ನಿಂತಾಳ.”

ಈ ಮಾತನ್ನು ನಮ್ಮ ಯಜಮಾನರು ಆಡಿದರು ಎಂದು ಆಮೇಲೆ ಕಾಕಾನೇ ನನಗೆ ಹೇಳಿದಾಗ ನಾನು ನಂಬಲಿಲ್ಲ. ಲಗ್ನವಾಗಿ ಇಷ್ಟು ವರ್ಷವಾದರೂ ಇಂಥ ಮಾತು ಅವರ ಬಾಯಿಂದ ನಾನೊಂದೂ ಕೇಳಿಲ್ಲ.

ಮೂರು ಹೊಡೆಯಿತು. ಸೊಸೆ ಒಳಕೋಣೆಯಲ್ಲಿ ಇಳಕಲ್ ಸೀರೆ ಉಟ್ಟು ಕುಳಿತಳು, ಮೊಬೈಲಿನಿಂದ ಇಂಟರ್ನೆಟ್ ಹಚ್ಚಿಕೊಂಡಳು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತೆ. ಹೊರಗೆ ಒಂದೂ ಮೋಟರಿನ ಸದ್ದಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ನಮ್ಮ ಹೊಲಗಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ತಲೆಯ ಮೇಲಿನ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಯಜಮಾನರು ಮನೆಗೆ ಬರಲೇ ಇಲ್ಲ. ಯಾರಾದರೂ ಮರೆತು ಮೋಟರ್ ಹಚ್ಚಿಬಿಟ್ಟಾರು ಎಂದು ಅವರು ಟೀಸಿಯ ಕೆಳಗೇ ಕಲ್ಲಿನ ಮೇಲೆ ಕುಳಿತಿದ್ದರು. ಪಾಠ ಕೇಳುವ ಆಸೆ ಎಲ್ಲರಿಗಿಂತ ಅವರಿಗೇ ಹೆಚ್ಚಿತ್ತು.

ಸ್ವಲ್ಪ ಹೊತ್ತಿಗೆ ಕಾಕಾ ಬಂದರು. ನೀರು ಹಾಯಿಸುವ ಕೆಲಸವಿಲ್ಲ, ಏನು ಮಾಡಲಿ ಎಂದು ಪಿಸುಗುಟ್ಟಿ ನನ್ನ ಬಾಜೂ ಕುಳಿತರು. ಸೊಸೆ ಕಂಬ ಹತ್ತದೆಯೇ ಕಂಬದ ಎತ್ತರ ಅಳೆಯುವುದನ್ನು ಹೇಳುತ್ತಿದ್ದಳು. ಗಂಡ ಕಂಬ ಹತ್ತುವವನು, ಹೆಂಡತಿ ಹತ್ತದೆ ಅಳೆಯುವವಳು, ಒಳ್ಳೆಯ ಜೋಡಿ ಎಂದು ನಾನು ಒಳಗೊಳಗೇ ನಕ್ಕೆ. ಅವಳ ದನಿ ಮೊದಲು ತುಸು ಅಳುಕಿತು, ಆಮೇಲೆ ಏರಿತು, ಆಮೇಲೆ ಯಾರನ್ನೂ ಲೆಕ್ಕಿಸದೆ ಹರಿಯಿತು. ನನಗೆ ಗೊತ್ತು ಆ ದನಿ. ಪಾಠ ಹೇಳುವವಳು ಎದುರಿಗಿರುವವರನ್ನು ಮರೆತು ಪಾಠದಲ್ಲೇ ಮುಳುಗಿದಾಗ ಬರುವ ದನಿ ಅದು. ನನ್ನ ಕಣ್ಣು ತುಂಬಿ ಬಂದವು. ಕಾಕಾ ನನ್ನ ಕಿವಿಯಲ್ಲಿ, “ಏನೂ ತಿಳೀವಲ್ದು, ಆದ್ರ ಭಾಳ ಚೊಲೋ ಹೇಳಾಕತ್ತಾಳ,” ಎಂದರು.

ಕೊನೆಗೆ ಆ ಪ್ರಶ್ನೆ ಬಂತು. ಒಬ್ಬರ ದನಿ ಲ್ಯಾಪ್‌ಟಾಪಿನಿಂದ ಸ್ಪಷ್ಟವಾಗಿ ಕೇಳಿತು: “ಓದು ಮುಗಿದು ನಾಲ್ಕು ವರ್ಷ ಖಾಲಿ ಇದೆಯಲ್ಲ, ಏನು ಮಾಡಿದಿರಿ?” ನಾನು ಬಾಗಿಲಿಗೆ ಕಿವಿ ಹಚ್ಚಿದೆ.

“ಖಾಲಿ ಕೂತಿಲ್ಲ ಸರ್,” ಎಂದಳು. “ನಮ್ಮ ಪಡಸಾಲೆಯಲ್ಲಿ ದಿನಾ ಸಂಜೆ ಹಳ್ಳಿಯ ಮಕ್ಕಳಿಗೆ ಗಣಿತ ಹೇಳಿದ್ದೇನೆ. ಪಗಾರ ಇರಲಿಲ್ಲ, ಪಾಠ ಇತ್ತು. ಈಗ ನೀವು ನೋಡಿದ್ದು ಅದೇ ಪಾಠ.”

ಆ ಕಡೆಯವರು ಥ್ಯಾಂಕ್ಸ್ ಎಂದರು. ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಬಂತು. ಅವಳು ಹೊರಗೆ ಬಂದು ನನ್ನನ್ನು ದಾಟಿ, ಕಾಕಾನನ್ನು ದಾಟಿ, ನೇರ ಅಂಗಳಕ್ಕೆ ಹೋಗಿ ಟೀಸಿಯ ಕಡೆ ಕೈಯೆತ್ತಿ ಕೂಗಿದಳು: “ಮಾವಾರ, ಮುಗೀತ್ರೀ! ಹಚ್ಚಾಕ ಹೇಳ್ರಿ!” ಅವರು ಅಲ್ಲಿಂದ ಪಟಕಾ ಬೀಸಿದರು. ಒಂದರ ಹಿಂದೆ ಒಂದು ಮೋಟರ್ ಶುರುವಾದವು, ಒಮ್ಮೆಲೇ ಅಲ್ಲ, ಸರತಿಯಲ್ಲಿ. ಅದನ್ನೂ ಅವರೇ ಹೇಳಿಟ್ಟಿದ್ದರು. ಫ್ಯೂಜ್ ಹಾರಲಿಲ್ಲ.

ಆಮೇಲಿನ ದಿನಗಳು ಸುಮ್ಮನೆ ಕಳೆದವು. ಮೊಬೈಲ್ ಸದ್ದು ಮಾಡಿದಾಗಲೆಲ್ಲ ಮನೆಯವರೆಲ್ಲ ಅದರ ಮುಖ ನೋಡುತ್ತಿದ್ದೆವು. ಒಂದು ಮುಂಜಾನೆ ಸೊಸೆ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಬಂತು. ಅವಳ ಎರಡೂ ಕೈ ಹಿಟ್ಟು. ನಾನೇ ಸ್ಪೀಕರ್ ಹಾಕಿ ಅವಳ ಬಾಯಿ ಹತ್ತಿರ ಹಿಡಿದೆ. ಕಾಲೇಜಿನ ಪ್ರಾಚಾರ್ಯರು. ಅವಳನ್ನು ಆರಿಸಿದ್ದೇವೆ ಎಂದರು. ಹಂಚಿನ ಮೇಲಿನ ರೊಟ್ಟಿ ಕರಕಾಗತೊಡಗಿತು.

“ತರಗತಿ ನಾಡಿದ್ದೇ ಶುರು,” ಎಂದರು ಅವರು. “ನಿಮ್ಮದು ದೂರದ ಊರು, ಮೇಲೆ ಸಂಸಾರವಂದಿಗರು. ಬರಲು ಆಗುತ್ತದೆಯೋ ಇಲ್ಲವೋ, ಮನೆಯಲ್ಲಿ ಕೇಳಿಕೊಂಡು ಸಂಜೆಯೊಳಗೆ ತಿಳಿಸಿ.”

ಮನೆಯಲ್ಲಿ ಕೇಳಿಕೊಂಡು! ನನಗೆ ಎಲ್ಲಿತ್ತೋ ಸಿಟ್ಟು. ಫೋನನ್ನು ನನ್ನ ಬಾಯಿಗೇ ತಿರುಗಿಸಿಕೊಂಡೆ. “ಮನ್ಯಾಗ ಕೇಳೂದೇನೈತ್ರಿ? ನಾಳೇನ ಬರ್ತಾಳ!” ಎಂದು ಒದರಿದೆ.

ಆ ಕಡೆ ಅವರು ಗಾಬರಿಯಾಗಿ, “ಯಾರು... ಯಾರಮ್ಮ ಅದು ಮಾತಾಡಿದ್ದು?” ಎಂದರು.

ಸೊಸೆ ಹಿಟ್ಟಿನ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದು ಫೋನನ್ನು ತನ್ನ ಕಡೆ ಎಳೆದುಕೊಂಡಳು. “ನೀವು ಮನೆಯಲ್ಲಿ ಕೇಳಿ ಅಂದಿರಲ್ಲ ಸರ್, ಮಾತಾಡಿದ್ದು ಅದೇ ಮನೆ,” ಎಂದಳು. “ಕೇಳಿದ್ದಾಯಿತು. ನಾಳೆ ಬರುತ್ತೇನೆ.”